ಅಕ್ಕಸಾಲೆಯ ಹೊಗೆ

ಅಕ್ಕಸಾಲೆ ಎಂಬ ನಮ್ಮ ಮಾತು ಸಂಸ್ಕೃತದ ಅಕ್ಷಶಾಲೆಯಿಂದ ಬಂದುದೆಂದು ಪಂಡಿತರು ಹೇಳುತ್ತಾರೆ. ಆ ಶಾಲೆಯನ್ನು ಕಟ್ಟುವ ಕ್ರಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ: ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಶಾಲೆಗಳು, ಎಲ್ಲಕ್ಕೂ ಸೇರಿ ಒಂದೇ ಬಾಗಿಲು. ಚಿನ್ನ ಹೊರಗೆ ಹೋಗಬಾರದೆಂಬುದೇ ಅಲ್ಲಿಯ ಚಿಂತೆ; ಹೊಗೆ ಹೊರಗೆ ಹೋಗಬೇಕೆಂಬ ಚಿಂತೆ ಆ ವಿಧಿಯಲ್ಲಿ ಇಲ್ಲ.

ತುಮಕೂರಿನ ಪೇಟೆಯಲ್ಲಾಗಲಿ, ಗುಬ್ಬಿ ಕುಣಿಗಲುಗಳ ಬೀದಿಗಳಲ್ಲಾಗಲಿ ಚಿನ್ನದ ಕೆಲಸದ ಕೋಣೆಯನ್ನು ನೋಡಿದವರಿಗೆ ಈ ಏಕದ್ವಾರದ ಮರ್ಮ ಕೂಡಲೇ ಹೊಳೆಯುತ್ತದೆ. ಗಾಳಿ ಬೀಸಿದರೆ ಅರದ ಪುಡಿ ಹಾರೀತು, ಊದುಗೊಳವೆಯ ಉರಿ ಅಲುಗೀತು. ಅಲ್ಲಿ ಗುಡಿಸಿದ ಕಸವೂ ಸೊತ್ತೇ. ಅದನ್ನು ತೊಳೆದು ಚಿನ್ನ ತೆಗೆಯುವವರೂ ಉಂಟು. ಹೀಗೆ ಗಾಳಿಯನ್ನು ಹಗೆಯೆಂದು ಎಣಿಸಿದ ಕೋಣೆಯೊಳಕ್ಕೆ ತೀಕ್ಷ್ಣವಾದ ಆಮ್ಲಗಳು ಬಂದಾಗ ಏನಾಯಿತೆಂಬುದೇ ಈ ಭಾಷಣದ ವಿಷಯ.

ಆಮ್ಲಕ್ಕೆ ಮುಂಚೆ ಇದ್ದುದು ಪುಟ. ಪುಟವಿಟ್ಟ ಚಿನ್ನವೆಂದು ನಾವು ಈಗ ಮನುಷ್ಯರ ಗುಣವನ್ನು ಹೊಗಳುವುದುಂಟು; ಅಕ್ಕಸಾಲಿಗನಿಗೆ ಅದು ಉಪಮಾನವಾಗಿರಲಿಲ್ಲ. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಮೊಗಲರ ಟಂಕಸಾಲೆಯ ಕ್ರಮವನ್ನು ವಿವರಿಸಿದ್ದಾನೆ. ಚಿನ್ನವನ್ನು ತೆಳುವಾದ ತಗಡುಗಳಾಗಿ ಬಡಿದು, ಪೆಟ್ಲುಪ್ಪನ್ನೂ ಸುಡದ ಇಟ್ಟಿಗೆಯ ಪುಡಿಯನ್ನೂ ಮೆತ್ತಿ, ಬೆರಣಿಯ ಮಂದವಾದ ಬೆಂಕಿಯಲ್ಲಿ ಮತ್ತೆ ಮತ್ತೆ ಸುಡುತ್ತಿದ್ದರು. ಬೆಳ್ಳಿ ಪುಡಿಯೊಳಕ್ಕೆ ಇಳಿಯುತ್ತಿತ್ತು, ಚಿನ್ನ ಉಳಿಯುತ್ತಿತ್ತು. ಅದರಿಂದಲೂ ವಿಷದ ಆವಿ ಹೊರಡದೆ ಇರಲಿಲ್ಲ. ಆದರೆ ಬೆಂಕಿ ಮಂದ, ಕೆಲಸ ನಿಧಾನ, ಆವಿ ಅಷ್ಟಷ್ಟಾಗಿ ಚದರಿಹೋಗುತ್ತಿತ್ತು.

ನೈಟ್ರಿಕ್ ಆಮ್ಲ ಈ ತಾಳ್ಮೆಯನ್ನು ಕೊಂದಿತು. ಸಣ್ಣ ಊರಿನ ಅಕ್ಕಸಾಲಿಗನ ಗಣಿಯೆಂದರೆ ಹಳೆಯ ಒಡವೆ. ಅದಕ್ಕೆ ಬೆಳ್ಳಿಯನ್ನು ಕೂಡಿಸಿ, ಒಂದು ಪಾಲು ಚಿನ್ನಕ್ಕೆ ಮೂರು ಪಾಲು ಬೆಳ್ಳಿಯಾಗುವಂತೆ ಮೂಸೆಯಲ್ಲಿ ಕರಗಿಸಿ, ಆಮ್ಲದಲ್ಲಿ ಕಾಯಿಸಿದರೆ ಬೆಳ್ಳಿ ಕರಗಿ ಚಿನ್ನ ತಳದಲ್ಲಿ ನಿಲ್ಲುತ್ತದೆ. ದಿನಗಳ ಕೆಲಸ ಗಳಿಗೆಗಳಲ್ಲಿ ಮುಗಿಯಿತು. ದಿನಗಳ ಹೊಗೆಯೂ ಗಳಿಗೆಗಳಲ್ಲೇ ಬಂತು. ಲೆಕ್ಕ ಹಾಕಿ ನೋಡಬಹುದು: 10 ತೊಲ ಬೆಳ್ಳಿಯನ್ನು ಗಟ್ಟಿಯಾದ ಆಮ್ಲದಲ್ಲಿ ಕರಗಿಸಿದರೆ ಸುಮಾರು 50 ಗ್ರಾಂ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ. ಕೆಂಗಂದು ಬಣ್ಣದ ಈ ಅನಿಲ ಗಾಳಿಗಿಂತ ಒಂದೂವರೆಪಟ್ಟಿಗೂ ಹೆಚ್ಚು ಭಾರ. ತಣಿದ ಮೇಲೆ ನೆಲಕ್ಕೆ ಇಳಿಯುತ್ತದೆ. ನಮ್ಮ ಅಕ್ಕಸಾಲಿಗನು ಕೂರುವುದೂ ನೆಲದಲ್ಲೇ. ಇದಕ್ಕಿಂತಲೂ ಭಯಂಕರವಾದುದು ಅದರ ಮೋಸ. ಉಸಿರಿಗೆ ಎಳೆದುಕೊಂಡವನು ಸ್ವಲ್ಪ ಕೆಮ್ಮಿ, ಸುಧಾರಿಸಿಕೊಂಡು, ಮನೆಗೆ ಹೋಗಿ ಊಟಮಾಡಿ ಮಲಗಿಯಾನು; ಹಲವು ಗಂಟೆಗಳಾದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಹಗಲಿನ ಹೊಗೆಗೂ ರಾತ್ರಿಯ ಉಬ್ಬಸಕ್ಕೂ ಮನೆಯವರು ನಂಟು ಕಲ್ಪಿಸುವುದು ಹೇಗೆ?

ಆಮ್ಲದ ಹೊಗೆಯನ್ನು ಹಿಡಿಯುವ ವಿದ್ಯೆ ದೊಡ್ಡ ಕಾರ್ಖಾನೆಗಳಲ್ಲಿ ಬೆಳೆಯಿತು. ಇಂಗ್ಲೆಂಡಿನ ಸೋಡಾ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆಮ್ಲದ ಆವಿಯನ್ನು ಊರಮೇಲೆ ಬಿಡುತ್ತಿದ್ದವು. ಸುತ್ತಣ ಮರಗಿಡಗಳು ಸೀದುಹೋದವು. 1836ರಲ್ಲಿ ವಿಲಿಯಂ ಗಾಸೇಜ್ ಎಂಬಾತನು ಗೋಪುರವೊಂದರಲ್ಲಿ ಮೇಲಿನಿಂದ ನೀರು ಸುರಿಸಿ, ಕೆಳಗಿನಿಂದ ಆವಿ ಬಿಟ್ಟು, ಆಮ್ಲವನ್ನು ನೀರಿನಲ್ಲೇ ಹಿಡಿದನು. ಪಾಳುಬಿದ್ದ ಗಾಳಿಗಿರಣಿಯೊಳಗೆ ಕುರುಚಲು ತುಂಬಿ ಅವನು ಮೊದಲ ಪ್ರಯೋಗ ಮಾಡಿದನೆಂದು ಹೇಳುತ್ತಾರೆ. ಉಪಾಯ ಕಂಡ ಇಪ್ಪತ್ತೇಳು ವರ್ಷಗಳ ಬಳಿಕ, 1863ರಲ್ಲಿ, ನೂರಕ್ಕೆ 95 ಪಾಲು ಆವಿಯನ್ನು ಹಿಡಿಯಲೇಬೇಕೆಂದು ಕಾನೂನಾಯಿತು.

ಆದರೆ ಗಾಸೇಜನ ನೀರು ಅಕ್ಕಸಾಲಿಗನ ಹೊಗೆಗೆ ಸಾಲದು. ಇದನ್ನು ಬಹು ಜನ ತಿಳಿಯರು. ಹೈಡ್ರೋಕ್ಲೋರಿಕ್ ಆವಿ ನೀರನ್ನು ಕಂಡೊಡನೆ ಕರಗುತ್ತದೆ. ನೈಟ್ರಿಕ್ ಆಮ್ಲದ ಕೆಂಪು ಹೊಗೆ ಹಾಗಲ್ಲ: ಮೂರು ಪಾಲು ನೀರನ್ನು ಹೊಕ್ಕರೆ ಎರಡು ಪಾಲು ಆಮ್ಲವಾಗಿ ನಿಲ್ಲುತ್ತದೆ, ಒಂದು ಪಾಲು ಬಣ್ಣವಿಲ್ಲದ ಅನಿಲವಾಗಿ ತಪ್ಪಿಸಿಕೊಂಡು, ಹೊರಗೆ ಗಾಳಿ ತಗಲಿದೊಡನೆ ಮತ್ತೆ ಕೆಂಪಾಗುತ್ತದೆ. ಉದ್ದವಾದ ಚಿಮಣಿ ಇದ್ದರೆ ಸಾಕೆಂಬ ವಾದವನ್ನು ನಾನು ಒಪ್ಪಲಾರೆ. ಮನೆಗೆ ಮನೆ ತಾಗಿದ ಪೇಟೆಯಲ್ಲಿ ನಮ್ಮ ಚಿಮಣಿಯ ಬಾಯಿ ನೆರೆಯವರ ಕಿಟಕಿಗೆ ಎದುರು.

ಎಲ್ಲ ಕೆಲಸಕ್ಕೂ ಖನಿಜಾಮ್ಲವೇ ಬೇಕೆಂದಿಲ್ಲ. ಹಿತ್ತಾಳೆಯ ಕಿಲುಬು ತೆಗೆಯಲು ಹುಣಸೆಹಣ್ಣು ಸಾಕು. ತುಮಕೂರು ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಬೆಳ್ಳಿಯನ್ನು ಚಿನ್ನದಿಂದ ಬಿಡಿಸುವ ಶಕ್ತಿ ಮಾತ್ರ ಹುಣಸೆಗೆ ಇಲ್ಲ.

ಸ್ವತಂತ್ರ ಭಾರತದ ಕಾರ್ಖಾನೆ ಕಾಯಿದೆ 1948ರಲ್ಲಿ ಬಂತು. ಯಂತ್ರಶಕ್ತಿ ಇದ್ದಲ್ಲಿ ಹತ್ತು ಮಂದಿ, ಇಲ್ಲದಲ್ಲಿ ಇಪ್ಪತ್ತು ಮಂದಿ ದುಡಿದರೆ ಅದು ಕಾರ್ಖಾನೆ ಎಂದು ಆ ಕಾಯಿದೆ ಎಣಿಸಿತು. ತಂದೆ, ಮಗ, ಒಬ್ಬ ಕೆಲಸದ ಹುಡುಗ ಕೂರುವ ಕೋಣೆ ಆ ಎಣಿಕೆಯ ಹೊರಗೇ ಉಳಿಯಿತು. ಹೊಗೆಗೆ ತಲೆಯೆಣಿಕೆ ಗೊತ್ತಿಲ್ಲವಷ್ಟೆ.

ಮಾಡಬೇಕಾದುದೂ ದೊಡ್ಡ ಸಾಹಸವಲ್ಲ. ಆಮ್ಲವನ್ನು ನೀರಿನಿಂದ ತೆಳುಮಾಡಿ ಮಂದವಾಗಿ ಕಾಯಿಸಿದರೆ ಹೊಗೆಯ ಮೊತ್ತವೇ ತಗ್ಗುತ್ತದೆ. ಪಾತ್ರೆಯನ್ನು ಮುಚ್ಚಿ, ಹುಟ್ಟಿದ ಹೊಗೆಯನ್ನು ಗಾಳಿಯ ಸಹಿತ ಕೊಳವೆಯಲ್ಲಿ ಎಳೆದು, ಕಾಸ್ಟಿಕ್ ಸೋಡಾ ದ್ರಾವಣದ ಎರಡು ಮೂರು ಜಾಡಿಗಳಲ್ಲಿ ಒಂದಾದ ಮೇಲೊಂದರಂತೆ ಹಾಯಿಸಬೇಕು. ಕಡೆಯ ಜಾಡಿಯ ಮೇಲೆ ಕೆಂಪು ಕಂಡರೆ ಒಲೆಯನ್ನು ತಗ್ಗಿಸಿ ಹೊರಗೆ ನಡೆಯತಕ್ಕದ್ದು. ದ್ರಾವಣವನ್ನು ಬದಲಾಯಿಸದೆ ಆ ಕೋಣೆಯಲ್ಲಿ ಮತ್ತೆ ಕೆಲಸಕ್ಕೆ ಕೂರಬಾರದು.