ಉಪನಂದನ ಹೊತ್ತಗೆ: ಶರದೃತುವಿನ ಒಂದು ಋಣದ ಕಥೆ

1908ರ ಭಾದ್ರಪದದಲ್ಲಿ, ಪೂಜೆಯ ರಜೆ ಹತ್ತಿರವಾಗುತ್ತಿದ್ದಾಗ, ರವೀಂದ್ರನಾಥ ಠಾಕೂರರು ಶಾಂತಿನಿಕೇತನದ ತಮ್ಮ ಶಾಲೆಯ ಹುಡುಗರಿಗೆಂದು ಒಂದು ಚಿಕ್ಕ ನಾಟಕವನ್ನು ಬರೆದರು. ಅದರ ಹೆಸರು ‘ಶಾರದೋತ್ಸವ’. ಶಾಲೆ ಆರಂಭವಾಗಿ ಆಗ ಏಳು ವರ್ಷವೂ ತುಂಬಿರಲಿಲ್ಲ. 1901ರ ಡಿಸೆಂಬರ್‌ನಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶುರುವಾದ ಆ ಆಶ್ರಮಕ್ಕೆ ರಂಗಮಂದಿರವಿರಲಿಲ್ಲ, ಪರದೆಗಳ ವೈಭವವೂ ಇರಲಿಲ್ಲ. ಹುಡುಗರು ಮತ್ತು ಅಧ್ಯಾಪಕರೇ ನಟರು. ನಾಟಕದಲ್ಲಿ ಹೆಣ್ಣು ಪಾತ್ರ ಒಂದೂ ಇಲ್ಲ. ಕವಿಯ ದೊಡ್ಡ ನಾಟಕಗಳ ಮಾತು ಬಂದಾಗ ವಿಮರ್ಶಕರು ಇದನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಹೋಗುವುದುಂಟು. ಆದರೆ ಮಗುವೊಂದು ಕೃತಜ್ಞತೆಯನ್ನು ಹೇಗೆ ಕಲಿಯುತ್ತದೆ, ಅದರಲ್ಲಿ ಕೈಗೆಲಸದ ಪಾತ್ರವೇನು ಎಂಬ ಪ್ರಶ್ನೆಯನ್ನು ಈ ಪುಟ್ಟ ನಾಟಕದಷ್ಟು ನೇರವಾಗಿ ಎತ್ತಿಕೊಂಡ ಕೃತಿಗಳು ನಮ್ಮ ಭಾಷೆಗಳಲ್ಲಿ ಹೆಚ್ಚಿಲ್ಲವೆಂದು ನಮಗೆ ತೋರುತ್ತದೆ.

ನಾಟಕ ನಡೆಯುವುದು ಬೇತಸಿನಿ ಎಂಬ ನದಿಯ ದಂಡೆಯಲ್ಲಿ. ಮಳೆ ಹಿಂದಾಗಿದೆ, ಆಕಾಶ ತೊಳೆದಿಟ್ಟಂತಿದೆ, ಹುಡುಗರಿಗೆ ರಜೆ. ಅವರು ಠಾಕುರ್ದಾ ಎಂಬ ಅಜ್ಜನನ್ನು ಸುತ್ತುವರಿದು ಹಾಡಿ ಕುಣಿಯುತ್ತಾರೆ. ಅವರ ಗದ್ದಲ ಲಕ್ಷೇಶ್ವರನೆಂಬ ಲೇವಾದೇವಿಗಾರನಿಗೆ ಸಹಿಸದು. ಇವರೆಲ್ಲರಿಂದ ದೂರವಾಗಿ ಒಬ್ಬ ಹುಡುಗ ತಲೆ ತಗ್ಗಿಸಿ ಹೊತ್ತಗೆಯೊಂದನ್ನು ನಕಲು ಮಾಡುತ್ತಾ ಕುಳಿತಿದ್ದಾನೆ. ಅವನು ಉಪನಂದ. ಅನಾಥನಾದ ಅವನಿಗೆ ಆಶ್ರಯ ಕೊಟ್ಟಿದ್ದವನು ಸುರಸೇನನೆಂಬ ವೀಣೆಗಾರ. ಆ ಗುರು ಈಗಿಲ್ಲ. ಲಕ್ಷೇಶ್ವರನಿಗೆ ಸಲ್ಲಬೇಕಾದ ಸಾಲ ಉಳಿದಿದೆ. ಉಪನಂದನಿಗೆ ಗೊತ್ತಿರುವ ವಿದ್ಯೆ ಒಂದೇ, ಚಿತ್ರಗಳಿಂದ ಅಲಂಕರಿಸಿ ಹೊತ್ತಗೆಗಳ ಪ್ರತಿ ಮಾಡುವುದು. ಅದರಿಂದ ಬಂದ ಹಣದಲ್ಲಿ ಗುರುವಿನ ಸಾಲವನ್ನು ತೀರಿಸುವೆನೆಂದು ಅವನು ಹೊರಟಿದ್ದಾನೆ. ಊರಿನ ಮಕ್ಕಳಿಗೆಲ್ಲ ರಜೆಯಿರುವ ದಿನ ಅವನೊಬ್ಬನಿಗೆ ಕೆಲಸ.

ಅಲ್ಲಿಗೆ ಒಬ್ಬ ಸನ್ಯಾಸಿ ಬರುತ್ತಾನೆ. ಅವನು ವೇಷ ಮರೆಸಿಕೊಂಡ ಸಾರ್ವಭೌಮ ವಿಜಯಾದಿತ್ಯನೆಂಬುದು ನಮಗೆ ಕಡೆಯಲ್ಲಿ ತಿಳಿಯುತ್ತದೆ. ಹುಡುಗನ ಕಥೆ ಕೇಳಿದ ಸನ್ಯಾಸಿ ಏನು ಮಾಡುತ್ತಾನೆ ಎಂಬುದರಲ್ಲಿ ನಾಟಕದ ಜೀವವಿದೆ. ಅವನು ಕನಿಕರದ ಮಾತಾಡಿ ಎಬ್ಬಿಸುವುದಿಲ್ಲ, ಜೋಳಿಗೆಯಿಂದ ಹೊನ್ನು ತೆಗೆದು ಚೆಲ್ಲುವುದೂ ಇಲ್ಲ. ತಾನೂ ಪಕ್ಕದಲ್ಲಿ ಕುಳಿತು ಬರೆಯತೊಡಗುತ್ತಾನೆ. ಅದನ್ನು ಕಂಡ ಹುಡುಗರಿಗೂ ಅದೊಂದು ಆಟವೆನಿಸಿ, ತಮಗೂ ಹಾಳೆ ಬೇಕೆಂದು ಮುಗಿಬೀಳುತ್ತಾರೆ. ಆ ಹುಡುಗನಂತೆ ಋಣ ತೀರಿಸುವುದರಲ್ಲಿಯೇ ಪ್ರಕೃತಿಯ ಸೊಬಗೂ ಇದೆಯೆಂದು ಸನ್ಯಾಸಿ ಠಾಕುರ್ದಾನಿಗೆ ಹೇಳುತ್ತಾನೆ. ಭೂಮಿ ಮಳೆಯಿಂದ ಪಡೆದುದನ್ನು ಹಸುರಾಗಿ, ತೆನೆಯಾಗಿ, ಹೂವಾಗಿ ಹಿಂದಿರುಗಿಸುತ್ತಿದೆ. ಶರತ್ತಿನ ಚೆಲುವೆಂದರೆ ತುಂಬು ಮನಸ್ಸಿನಿಂದ ತೀರಿಸಿದ ಸಾಲ. ಕವಿ ಮುಂದೆ ತಾವೇ ಈ ನಾಟಕವನ್ನು ವಿವರಿಸಿದಾಗಲೂ ಒತ್ತು ಕೊಟ್ಟದ್ದು ಈ ಭಾವಕ್ಕೇ. 1921ರಲ್ಲಿ ನಾಟಕವನ್ನು ತಿದ್ದಿ ಬರೆದಾಗ ಹೆಸರನ್ನೇ ಬದಲಿಸಿ ‘ಋಣಶೋಧ’ ಎಂದು ಕರೆದರು.

ಈ ನಾಟಕ ಹುಟ್ಟಿದ ಮನೆಯ ಸ್ಥಿತಿಯನ್ನು ಮರೆತು ಇದನ್ನು ಓದಲು ನಮಗೆ ಸಾಧ್ಯವಾಗಲಿಲ್ಲ. 1902ರ ನವೆಂಬರ್‌ನಲ್ಲಿ ಪತ್ನಿ ಮೃಣಾಲಿನಿ, ಮರುವರ್ಷ ಮಗಳು ರೇಣುಕಾ, 1905ರಲ್ಲಿ ತಂದೆ ದೇವೇಂದ್ರನಾಥರು ತೀರಿಕೊಂಡಿದ್ದರು. ಕಿರಿಯ ಮಗ ಶಮೀಂದ್ರ ಶಾಂತಿನಿಕೇತನದಲ್ಲಿಯೇ ಓದುತ್ತಿದ್ದ. 1907ರ ವಸಂತ ಪಂಚಮಿಯಂದು ಗೆಳೆಯರನ್ನು ಕೂಡಿಸಿಕೊಂಡು ಆಶ್ರಮದಲ್ಲಿ ಋತುಗಳ ಉತ್ಸವವೊಂದನ್ನು ನಡೆಸಿದವನು ಆ ಬಾಲಕ. ಅದೇ ವರ್ಷದ ಪೂಜಾ ರಜೆಗೆ ಅವನು ಮುಂಗೇರಿಗೆ ಹೋದ, ಅಲ್ಲಿ ಕಾಲರಾ ತಗುಲಿ ನವೆಂಬರ್‌ನಲ್ಲಿ ತೀರಿಕೊಂಡ. ವಯಸ್ಸು 11ರ ಆಸುಪಾಸು. ಮರುವರ್ಷದ ಶರತ್ತಿನಲ್ಲಿ ತಂದೆ ಬರೆದುದು ಈ ನಾಟಕ. ಅದರ ಕೊನೆಯಲ್ಲಿ ರಾಜ ಲಕ್ಷೇಶ್ವರನಿಗೆ ಹಣ ತೆತ್ತು ಉಪನಂದನನ್ನು ತನ್ನವನನ್ನಾಗಿ ಮಾಡಿಕೊಳ್ಳುತ್ತಾನೆ. ಪುತ್ರನಿಲ್ಲವೆಂದು ಕೊರಗುತ್ತಿದ್ದ ಮಂತ್ರಿಗೆ, ಸನ್ಯಾಸದ ಬಲದಿಂದ ತನಗೊಬ್ಬ ಮಗ ದೊರೆತನೆಂದು ಹೇಳುತ್ತಾನೆ. ಜೀವನಕ್ಕೂ ಕೃತಿಗೂ ನೂಲು ಕಟ್ಟಿ ಎಳೆಯುವುದು ಸುಲಭ, ಅಷ್ಟೇ ಅಪಾಯಕರ. ಆದರೂ ಋತೂತ್ಸವವನ್ನು ಆರಂಭಿಸಿದ ಮಗ ಇಲ್ಲವಾದ ಮೇಲೆ ತಂದೆ ಅದನ್ನು ನಿಲ್ಲಿಸದೆ ಮುಂದುವರಿಸಿದರೆಂಬುದು ಊಹೆಯಲ್ಲ. ಮುಂದಿನ ಪ್ರದರ್ಶನಗಳಲ್ಲಿ ಸನ್ಯಾಸಿಯ ಪಾತ್ರವನ್ನು ಕವಿಯೇ ವಹಿಸಿದರು.

ನಮ್ಮ ಓದುಗರಿಗೆ ಇಲ್ಲೊಂದು ಹತ್ತಿರದ ಎಳೆಯೂ ಇದೆ. ಅಣ್ಣ ಸತ್ಯೇಂದ್ರನಾಥರು ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಅಲ್ಲಿಗೆ ಬಂದು ತಂಗಿದ್ದರು. ಆ ಕಡಲ ತೀರದಲ್ಲಿ ಅವರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ’. ಅದರಲ್ಲಿಯೂ ಒಬ್ಬ ಸನ್ಯಾಸಿ ಇದ್ದಾನೆ. ಲೋಕದ ನಂಟನ್ನೆಲ್ಲ ಕಡಿದುಕೊಂಡವನನ್ನು ಅನಾಥ ಬಾಲಿಕೆಯೊಬ್ಬಳು ಮತ್ತೆ ಲೋಕದತ್ತ ಎಳೆಯುತ್ತಾಳೆ. ಅವನು ಹಿಂದಿರುಗುವ ಹೊತ್ತಿಗೆ ತಡವಾಗಿರುತ್ತದೆ. ಸುಮಾರು ಕಾಲು ಶತಮಾನದ ನಂತರದ ಸನ್ಯಾಸಿ ತಡಮಾಡುವುದಿಲ್ಲ, ಅನಾಥನ ಪಕ್ಕದಲ್ಲಿ ಕುಳಿತು ಲೇಖನಿ ಹಿಡಿಯುತ್ತಾನೆ. ಕಾರವಾರದ ಕಡಲತೀರಕ್ಕೆ ಇಂದು ಕವಿಯ ಹೆಸರಿದೆ.

ಕೃತಜ್ಞತೆ ಎಂಬ ಪದವನ್ನು ನಾವು ಭಾಷಣಗಳಲ್ಲಿ ಧಾರಾಳವಾಗಿ ಬಳಸುತ್ತೇವೆ, ಮನೆಮಾತಿನಲ್ಲಿ ಅಪರೂಪ. ಬಾಯಿ ತುಂಬ ಧನ್ಯವಾದ ಹೇಳುವ ರೂಢಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ಅವರಿಗೆ ಗೊತ್ತಿದ್ದ ಮಾತು ಋಣ. ಅನ್ನದ ಋಣ, ನೀರಿನ ಋಣ, ಉಪ್ಪಿನ ಋಣ, ಊರಿನ ಋಣ. ಉಂಡ ಮನೆಯ ಜಂತೆ ಎಣಿಸಬಾರದೆಂದು ಗಾದೆ ಎಚ್ಚರಿಸಿತು. ಮನುಷ್ಯ ಹುಟ್ಟುತ್ತಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನೆಂಬ ಕಲ್ಪನೆ ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಧನ್ಯವಾದ ಹೇಳಿದೊಡನೆ ಲೆಕ್ಕ ಮುಗಿಯುತ್ತದೆ. ಋಣ ಹಾಗಲ್ಲ, ಅದನ್ನು ಕೈಯಿಂದ ತೀರಿಸಬೇಕು. ಉಪನಂದ ಗುರುವನ್ನು ಹೊಗಳುವ ಭಾಷಣ ಮಾಡದೆ ಹೊತ್ತಗೆ ಬರೆಯಲು ಕುಳಿತದ್ದು ಇದಕ್ಕೇ.

ಆದರೆ ಈ ಮಾತಿಗೊಂದು ಕರಾಳ ಮಗ್ಗುಲಿದೆ, ಅದನ್ನು ಮುಚ್ಚಿಡುವುದು ತರವಲ್ಲ. ಸತ್ತವನ ಸಾಲಕ್ಕೆ ಮಗುವೊಂದು ದುಡಿಯುವುದು ಈ ದೇಶದಲ್ಲಿ ನಾಟಕದ ಕಲ್ಪನೆಯಾಗಿರಲಿಲ್ಲ. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಿದವರಿಗೆ ವಿವರಿಸಬೇಕಿಲ್ಲ. ಅಲ್ಲಿಯೂ ಸಾಲ ತೀರಿಸಲು ಹೋಗುವುದು ಮಕ್ಕಳೇ. ಚೋಮನ ಗಂಡುಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ, ಅವರ ಬಳಿಕ ಬೆಳ್ಳಿ. ಆ ಸಾಲ ತೀರಿದ ಬಗೆಯಲ್ಲಿ ಶರತ್ತಿನ ಚೆಲುವಿಲ್ಲ, ಚಳಿಜ್ವರವಿದೆ, ಅವಮಾನವಿದೆ. ತಂದೆ ತಾತಂದಿರ ಸಾಲಕ್ಕೆ ಮಕ್ಕಳನ್ನು ಜೀತಕ್ಕಿಡುವ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಋಣವೆಂಬ ಮಾತನ್ನು ಸಾಹುಕಾರನೂ ಬಳಸುತ್ತಾನೆ, ಗುರುವೂ ಬಳಸುತ್ತಾನೆ. ಮಗುವಿಗೆ ಅವೆರಡರ ಭೇದ ತಿಳಿಸದೆ ಕೃತಜ್ಞನಾಗಿರು ಎಂದಷ್ಟೇ ಕಲಿಸಿದರೆ ನಾವು ಕಲಿಸುವುದು ವಿಧೇಯತೆಯನ್ನು.

ರವೀಂದ್ರರು ಸ್ವತಃ ಜಮೀನ್ದಾರರ ಮನೆಯವರು. ಪದ್ಮಾ ನದಿಯ ದಂಡೆಯ ರೈತರ ಸಾಲದ ಬದುಕನ್ನು ಕಣ್ಣಾರೆ ಕಂಡವರು. ಆದ್ದರಿಂದಲೇ ಇರಬೇಕು, ನಾಟಕದಲ್ಲಿ ಲಕ್ಷೇಶ್ವರನಿಗೆ ಎಲ್ಲಿಯೂ ಗೌರವವಿಲ್ಲ. ಅವನು ಅಡಗಿಸಿಟ್ಟ ತನ್ನ ಸಂಪತ್ತಿಗೆ ಹೆದರಿ ಹೆದರಿ ಸಾಯುವ ನಗೆಪಾಟಲಿನ ವ್ಯಕ್ತಿ. ಉಪನಂದ ಕೆಲಸ ಮಾಡುವುದು ಅವನ ಭಯದಿಂದಲ್ಲ, ಸುರಸೇನನ ಮೇಲಿನ ಪ್ರೀತಿಯಿಂದ. ಹಣ ಸೇರುವುದು ಸಾಹುಕಾರನ ಪೆಟ್ಟಿಗೆಗಾದರೂ ಕೆಲಸ ಸಲ್ಲುವುದು ಗುರುವಿಗೆ. ಇಷ್ಟರಿಂದ ಚೋಮನ ಮಕ್ಕಳ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾವು ಹೇಳಲಾರೆವು. ನದಿಯ ದಂಡೆಗೆ ರಾಜ ಬಂದ, ತೋಟಕ್ಕೆ ಯಾವ ರಾಜನೂ ಬರಲಿಲ್ಲ.

ನಾಟಕದಲ್ಲಿ ಮೂಡಿದ ಈ ಭಾವ ಶಾಲೆಯ ದಿನಚರಿಯಲ್ಲಿ ಮುಂದೆ ನೆಲೆಯಾಯಿತು. 1919ರಲ್ಲಿ ಕಲಾಭವನ ಬಂತು, ನಂದಲಾಲ ಬಸು ಅದರ ಹೊಣೆ ಹೊತ್ತರು. ಹಳ್ಳಿಯ ಹೆಂಗಸರು ವ್ರತದ ದಿನ ಅಂಗಳದಲ್ಲಿ ಅಕ್ಕಿಹಿಟ್ಟಿನ ನೀರಿನಿಂದ ಬಿಡಿಸುತ್ತಿದ್ದ ಅಲ್ಪನಾ ಆಶ್ರಮದ ಉತ್ಸವಗಳ ನೆಲಕ್ಕೆ ಇಳಿಯಿತು. 1922ರಲ್ಲಿ ಶ್ರೀನಿಕೇತನ ಆರಂಭವಾದ ಮೇಲೆ ನೇಯ್ಗೆ, ಮರಗೆಲಸ, ಚರ್ಮದ ಕೆಲಸಗಳು ಸೇರಿದವು. ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಮಹಾಲಯದ ದಿನ ನಡೆಯುವ ಆನಂದಬಜಾರ್. ರಜೆಗೆ ಊರಿಗೆ ಹೊರಡುವ ಮುನ್ನ ಮಕ್ಕಳು ತಾವೇ ಮಾಡಿದ ವಸ್ತುಗಳನ್ನು, ತಿಂಡಿಗಳನ್ನು ಪುಟ್ಟ ಅಂಗಡಿಗಳಲ್ಲಿಟ್ಟು ಮಾರುತ್ತಾರೆ. ಬಂದ ಹಣ ಬಡವರ ಸೇವೆಗೆ ಹೋಗುತ್ತದೆ. ಪಿತೃಗಳನ್ನು ನೆನೆಯುವ ಅಮಾವಾಸ್ಯೆಯಂದು ಮಕ್ಕಳ ಸಂತೆ! ಹಬ್ಬಗಳ ಪಂಚಾಂಗವನ್ನು ಆ ಶಾಲೆ ಬಿಡಲಿಲ್ಲ, ಅದರೊಳಗಿನ ಅರ್ಥವನ್ನು ಮಾತ್ರ ಸದ್ದಿಲ್ಲದೆ ತಿರುಗಿಸಿತು.

ಮಗುವಿನ ಕೈಗೆಲಸದ ಹಣ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಇನ್ನೊಂದು ಶರತ್ತಿನಲ್ಲಿ ದೇಶದ ಮುಂದೆ ಬಂತು. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನದಲ್ಲಿ, ಶಿಕ್ಷಣವೆಲ್ಲ ಒಂದು ಕಸುಬಿನ ಸುತ್ತ ನಡೆಯಬೇಕು, ಮಕ್ಕಳ ದುಡಿಮೆಯಿಂದಲೇ ಕ್ರಮೇಣ ಅಧ್ಯಾಪಕರ ಸಂಬಳ ಹುಟ್ಟಬೇಕು ಎಂಬ ವಿಚಾರ ಮಂಡಿತವಾಯಿತು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ಕೈಗೆಲಸದ ಮಹತ್ತ್ವವನ್ನು ಬಲ್ಲ ರವೀಂದ್ರರಿಗೂ ಈ ಯೋಜನೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ವ್ಯಕ್ತಿತ್ವದ ಅರಳುವಿಕೆಗಿಂತ ಲೌಕಿಕ ಉಪಯೋಗಕ್ಕೆ ಇಲ್ಲಿ ಹೆಚ್ಚಿನ ಬೆಲೆ ಬಂದಿದೆಯೆಂಬುದು ಅವರ ಅಳುಕು. ಗಾಂಧೀಜಿಯ ಪಕ್ಷದಲ್ಲಿಯೂ ನ್ಯಾಯವಿತ್ತು. ಹಳ್ಳಿಗೆ ಶಾಲೆ ಬರಬೇಕಾದರೆ ಹಣ ಎಲ್ಲಿಂದ ಬರಬೇಕೆಂಬುದು ಅವರ ಮುಂದಿದ್ದ ಕಠಿಣ ಸತ್ಯ. ಆದರೂ ನಮ್ಮ ಒಲವು ಆನಂದಬಜಾರಿನ ಕಡೆಗೆ. ವರ್ಷಕ್ಕೊಂದು ದಿನ ತಾನಾಗಿ ಕೊಟ್ಟದ್ದನ್ನು ಮಗು ನೆನಪಿಡುತ್ತದೆ.

ಶರತ್ತಿನಲ್ಲಿ ಗುರುವಿನ ಋಣವನ್ನು ಕೈಗೆಲಸದೊಂದಿಗೆ ಬೆಸೆದ ರೂಢಿ ನಮ್ಮ ಕಡೆಯೂ ಇತ್ತು. ಹಳೆಯ ಐಗಳ ಮಠಗಳಲ್ಲಿ ಮಹಾನವಮಿ ಬಂತೆಂದರೆ ಮಕ್ಕಳು ಬಣ್ಣದ ಬಿಲ್ಲು ಹಿಡಿದು, ಚೌಪದಗಳನ್ನು ಹಾಡುತ್ತಾ ಅಯ್ಯನವರೊಡನೆ ಮನೆಮನೆಗೆ ಹೋಗುತ್ತಿದ್ದರು. ಮನೆಯವರು ಅಯ್ಯನವರಿಗೆ ದಕ್ಷಿಣೆ, ಮಕ್ಕಳಿಗೆ ತಿನಿಸು ಕೊಡುತ್ತಿದ್ದರು. ಹೈದರಾಬಾದಿನ ನಮ್ಮ ಗೆಳೆಯರಿಗೆ ತೆಲುಗರ ಪಪ್ಪು ಬೆಲ್ಲದ ದಸರೆಯಾಗಿ ಇದು ಪರಿಚಿತ. ಸಂಬಳವಿಲ್ಲದ ಮೇಷ್ಟರಿಗೆ ಅದು ವರ್ಷದ ಗಳಿಕೆಯೂ ಆಗಿತ್ತು. ಸರಕಾರಿ ಶಾಲೆ ಬಂದು ಸಂಬಳ ನಿಗದಿಯಾದ ಮೇಲೆ ಬಿಲ್ಲುಗಳು ಅಟ್ಟ ಸೇರಿದವು. ಅದಕ್ಕಾಗಿ ನಾವು ಮರುಗುವುದಿಲ್ಲ. ಬೇಡಿ ಬದುಕುವ ಮೇಷ್ಟರು ಯಾವ ಕಾಲಕ್ಕೂ ಆದರ್ಶವಲ್ಲ.

ಈಗ ನಮ್ಮ ನಗರಗಳ ಹಲವು ಶಾಲೆಗಳಲ್ಲಿ ಅಕ್ಟೋಬರ್ ಬಂದರೆ ಗೋಡೆಗೊಂದು ಕೃತಜ್ಞತೆಯ ಮರ ಏರುತ್ತದೆ. ಮಕ್ಕಳು ಕಿತ್ತಳೆ ಬಣ್ಣದ ಮೇಪಲ್ ಎಲೆಗಳನ್ನು ಕತ್ತರಿಸಿ, ತಾವು ಯಾರಿಗೆ ಕೃತಜ್ಞರೆಂದು ಬರೆದು ಅಂಟಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ಆ ಎಲೆ ಉದುರುವುದಿಲ್ಲ. ನಮ್ಮ ಶರತ್ತು ಎಲೆಯುದುರುವ ಕಾಲವಲ್ಲ, ತುಂಬುವ ಕಾಲ. ಅದರ ಬಣ್ಣ ಬಿಳಿ: ನೀರಿಳಿದ ಮೋಡ, ಹೊಳೆದಂಡೆಯ ಕಾಶದ ಹೂ, ಬೆಳಗಾಗುವಷ್ಟರಲ್ಲಿ ಅಂಗಳಕ್ಕೆ ಉದುರಿದ ಪಾರಿಜಾತ. ಕಾಳಿದಾಸನ ‘ಋತುಸಂಹಾರ’ದಲ್ಲಿಯೂ ಶರತ್ತು ಕಾಶವನ್ನುಟ್ಟ ಮದುಮಗಳು. ಪುಣೆಯ ವಠಾರಗಳಲ್ಲಿ ದೀಪಾವಳಿಗೆ ಮಣ್ಣು ಕಲಸಿ ಕೋಟೆ ಕಟ್ಟುವ ಮಕ್ಕಳ ಕೈಗೆ, ವಿಜಯದಶಮಿಯ ಸಂಜೆ ಬನ್ನಿ ಹಿಡಿದು ಹಿರಿಯರ ಬಾಗಿಲಿಗೆ ಹೋಗುವ ಕೈಗೆ ಈ ಋತು ತಾನಾಗಿಯೇ ಅಂಟಿರುತ್ತದೆ.

ಶಾಂತಿನಿಕೇತನದ ಹುಡುಗರಿಗೆ ಕಾಗದದ ಎಲೆ ಬೇಕಾಗಲಿಲ್ಲ. ಕಾಶವೂ ಪಾರಿಜಾತವೂ ಸುತ್ತಲೇ ಇದ್ದವು. ನಾಟಕ ಮುಗಿದ ಬಳಿಕ ಅವರೂ ಎಲ್ಲ ಮಕ್ಕಳಂತೆ ಗಂಟುಮೂಟೆ ಕಟ್ಟಿ ರಜೆಗೆ ಊರಿಗೆ ಹೊರಟರು.