ಶಾಲೆ ಇತ್ತು, ಊಟ ಎಲ್ಲಿತ್ತು? ವಾರಾನ್ನದಿಂದ ಬಿಸಿಯೂಟದವರೆಗೆ

ನಿಮ್ಮೂರಿನಲ್ಲಿ ಎಂಬತ್ತು ದಾಟಿದ, ಹೈಸ್ಕೂಲು ಓದಿದ ಹಿರಿಯರು ಇದ್ದರೆ ಒಂದು ಮಾತು ಕೇಳಿ ನೋಡಿ: 'ಓದುವಾಗ ಎಲ್ಲಿ ಉಣ್ಣುತ್ತಿದ್ದಿರಿ?' ನಮ್ಮ ರಾಜ್ಯದ ಶಿಕ್ಷಣದ ಅರ್ಧ ಇತಿಹಾಸ ಆ ಉತ್ತರದಲ್ಲೇ ಸಿಗುತ್ತದೆ.

ಹಳೇ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಶಿಕ್ಷಣ ಇಲಾಖೆ ಶುರುವಾದದ್ದು 1857ರಲ್ಲಿ. ಅದಕ್ಕೂ ಮೊದಲು ಹಳ್ಳಿಗಳಲ್ಲಿ ಇದ್ದವು ಕೂಲಿಮಠಗಳು. 1868ರಲ್ಲಿ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದರು. ನಮ್ಮೂರುಗಳ ಕಲ್ಲು ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ರೈಸ್ ಇವರೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಆಯ್ದ ಊರುಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಕಾನೂನು ಬಂತು. ಅವರ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ ಹತ್ತು ಸಾವಿರ ದಾಟಿದವು.

ಆದರೆ ಇವು ಹೆಚ್ಚಾಗಿ ಪ್ರೈಮರಿ ಶಾಲೆಗಳು. ಮುಂದೆ ಓದಬೇಕೆಂದರೆ ಹಳ್ಳಿ ಹುಡುಗ ಪಟ್ಟಣಕ್ಕೇ ಹೋಗಬೇಕು. ಬೆಂಗಳೂರಿಗೆ ಬಂದವರು ಸೇರುತ್ತಿದ್ದ ಜಾಗಗಳಲ್ಲಿ ಮುಖ್ಯವಾದವು ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಚದುರಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಚಾಮರಾಜಪೇಟೆಯ ಪಕ್ಕದಲ್ಲೇ ಸರ್ಕಾರದ ಕೋಟೆ ಹೈಸ್ಕೂಲು. ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು ಶುರುವಾಯಿತು.

ಶಾಲೆಯಲ್ಲಿ ಸೀಟು ಸಿಗಬಹುದು, ಹೊಟ್ಟೆಗೇನು? ಅದಕ್ಕೆ ಆಗ ಇದ್ದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಉಣ್ಣುವುದು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಹೀಗೆ ಓದಿದ ಎಷ್ಟೋ ಬಡ ಹುಡುಗರು ಮೇಷ್ಟ್ರು, ಅಮಲ್ದಾರರು ಆದರು. ಊಟ ಹಾಕಿದ ತಾಯಂದಿರನ್ನು ನೆನೆಯಲೇಬೇಕು.

ಆದರೆ ಆ ಮನೆಗಳ ಹೊಸ್ತಿಲಿಗೆ ಜಾತಿಯ ಲೆಕ್ಕ ಇತ್ತು. ವಾರಾನ್ನ ಸಿಕ್ಕಿದ್ದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ. ಒಕ್ಕಲು ಮಕ್ಕಳಿಗೆ ಬೇರೆ ದಾರಿ ಬೇಕಾಯಿತು. ಗುಬ್ಬಿ ತೋಟದಪ್ಪನವರು 1903ರಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಕಟ್ಟಿಸಿದ ಛತ್ರ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ, ಮುಂದೆ ಬೇರೆ ಬೇರೆ ಜಾತಿಗಳ ಹಾಸ್ಟೆಲ್‌ಗಳು, ಎಲ್ಲವೂ ಈ ಹಸಿವಿಗೆ ಸಿಕ್ಕ ಉತ್ತರಗಳೇ. ದಲಿತ ಮಕ್ಕಳಿಗೆ ಶಾಲೆಯ ಬಾಗಿಲೇ ಮುಚ್ಚಿತ್ತು. 1910ರ ದಶಕದಲ್ಲಿ ಸಂಸ್ಥಾನ ಆ ಬಾಗಿಲು ತೆರೆಯಲು ಹೊರಟಾಗ ಅಲ್ಲಲ್ಲಿ ವಿರೋಧ ಎದ್ದಿತು. ಗಾಂಧಿವಾದಿ ಗೋಪಾಲಸ್ವಾಮಿ ಅಯ್ಯರ್ ದಲಿತ ವಿದ್ಯಾರ್ಥಿಗಳಿಗೆಂದೇ ಹಾಸ್ಟೆಲ್ ನಡೆಸಿದರು. ಇನ್ನು ಹಳ್ಳಿಯ ಹೆಣ್ಣುಮಕ್ಕಳಿಗೆ ವಾರಾನ್ನದ ಮಾತೇ ಇರಲಿಲ್ಲ.

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಒಬ್ಬ ಹುಡುಗ ಹೈಸ್ಕೂಲು ಓದಲು ಬೆಂಗಳೂರಿಗೆ ಹೊರಟ. ಬಸ್ಸಿಗೆ ಕಾಸಿರಲಿಲ್ಲ. ಸುಮಾರು 80 ಕಿಲೋಮೀಟರ್ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಇದ್ದು ಓದಿದ. ಅವರೇ ಡಾ. ಎಚ್. ನರಸಿಂಹಯ್ಯ. ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಹಾಸ್ಟೆಲ್ ರೂಮಿನಲ್ಲೇ ಬದುಕಿದರು. ತಮ್ಮ ಹೊಸೂರಿನಲ್ಲಿ ಹೈಸ್ಕೂಲು, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ಬರುವಂತೆ ಮಾಡಿದರು. ತಾವು ನಡೆದ ದಾರಿಯನ್ನು ಊರಿನ ಮಕ್ಕಳು ನಡೆಯುವುದು ಬೇಡ ಎಂಬುದೇ ಆ ಕೆಲಸದ ಅರ್ಥ.

ಊಟ ಹಾಕುವುದು ದಾನಿಗಳ ಪುಣ್ಯದ ಕೆಲಸವಲ್ಲ, ಸರ್ಕಾರದ ಹೊಣೆ ಎಂದು ಒಪ್ಪಲು ಬಹಳ ಕಾಲ ಹಿಡಿಯಿತು. ದೇವರಾಜ ಅರಸು ಅವರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳಿಗೆ ಬಲ ಬಂತು. ಶಾಲೆಯಲ್ಲೇ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. 2002ರಲ್ಲಿ ಅಕ್ಷರ ದಾಸೋಹ ಮೊದಲು ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ಇಡೀ ರಾಜ್ಯಕ್ಕೆ ಬಂತು. ಹೈಸ್ಕೂಲು ಮಕ್ಕಳಿಗೆ 2006ರಿಂದ ಸೈಕಲ್ ಬಂತು.

ವಾರಾನ್ನದಲ್ಲಿ ಹುಡುಗ ಜಾತಿ ಹೇಳಿ ಉಣ್ಣಬೇಕಿತ್ತು. ಬಿಸಿಯೂಟದಲ್ಲಿ ಯಾರೂ ಕೇಳುವಂತಿಲ್ಲ, ಎಲ್ಲರೂ ಒಂದೇ ಸಾಲು. ಹಾಗಿದ್ದೂ ದಲಿತ ಹೆಣ್ಣುಮಗಳು ಅಡುಗೆ ಮಾಡಿದರೆ ಮಕ್ಕಳನ್ನು ಉಣ್ಣಲು ಬಿಡದ ಸುದ್ದಿ ಈಗಲೂ ಅಲ್ಲಿ ಇಲ್ಲಿ ಬರುತ್ತದೆ. ನೂರು ವರ್ಷದ ಹಿಂದಿನ ಹೊಸ್ತಿಲನ್ನು ಶಾಲೆಯೊಳಕ್ಕೇ ತಂದು ಹಾಕಿದ ಹಾಗೆ ಅದು.

ಈಗ ಮಕ್ಕಳು ಕಡಿಮೆ ಎಂದು ಸಣ್ಣ ಶಾಲೆಗಳನ್ನು ದೂರದ ಶಾಲೆಗಳ ಜೊತೆ ಸೇರಿಸುವ ಮಾತು ಆಗಾಗ ಏಳುತ್ತದೆ. ನಿಮ್ಮೂರಿಗೂ ಆ ಮಾತು ಬಂದರೆ ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಿ. ಹೊಸ ಕಟ್ಟಡ, ಸ್ಮಾರ್ಟ್ ಕ್ಲಾಸಿನ ವಿಷಯ ಕೇಳಿಸಿಕೊಳ್ಳಿ. ಜೊತೆಗೆ ಇದನ್ನೂ ಕೇಳಿ: ಮಗು ಹೋಗುವುದು ಹೇಗೆ, ಹೆಣ್ಣುಮಗು ಸಂಜೆ ಮನೆಗೆ ಬರುವುದು ಯಾವುದರಲ್ಲಿ, ಊಟ ಎಲ್ಲಿ? ಹಿಂದೆ ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕವರಷ್ಟೇ ಓದಿದರು.