ಫೇಲಾ ಕುಟಿ ಮತ್ತು ನಮ್ಮ ಕಡಕೋಳ ಮಡಿವಾಳಪ್ಪ

ಹೋದ ಅಮವಾಸ್ಯೆಗೆ ಊರಿಗೆ ಹೋಗಿದ್ದೆ. ನಮ್ಮ ಹಳ್ಳಿ ಕಮಲಾಪುರದ ಹತ್ತಿರ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದ ಬಸ್ಸಿನಲ್ಲಿ ಕೂತು, ನೈಜೀರಿಯಾದ ಹಾಡುಗಾರ ಫೇಲಾ ಕುಟಿಯ 'ಜಾಂಬಿ' ಕೇಳ್ತಾ ಇದ್ದೆ. ಮೇಲಿನವರು ಹೇಳಿದ್ದನ್ನು ಪ್ರಶ್ನೆಯಿಲ್ಲದೆ ಪಾಲಿಸುವ ಸೈನಿಕರನ್ನು ಗೇಲಿ ಮಾಡುವ ಹಾಡು ಅದು. 1977ರ ಫೆಬ್ರವರಿಯಲ್ಲಿ ಸೈನಿಕರು ಲಾಗೋಸಿನ ಅವನ ಮನೆಗೆ ನುಗ್ಗಿ ಬೆಂಕಿ ಹಚ್ಚಿದರು. ವಯಸ್ಸಾದ ತಾಯಿಯನ್ನು ಕಿಟಕಿಯಿಂದ ಎಸೆದರು. ಮರುವರ್ಷ ಆಕೆ ತೀರಿಕೊಂಡರು. ಒಂದು ಹಾಡಿಗೆ ಇಷ್ಟೊಂದು ಹೆದರಿಕೆಯಾ ಅನ್ನಿಸಿತು.

ಅವತ್ತು ರಾತ್ರಿ ಊರ ಗುಡಿಯ ಕಟ್ಟೆ ಮೇಲೆ ಭಜನೆ ಇತ್ತು. ಏಕತಾರಿ, ದಮ್ಮಡಿ, ತಾಳ. ನಮ್ಮ ಕಾಕಾ ಎತ್ತಿಕೊಂಡದ್ದು ಕಡಕೋಳ ಮಡಿವಾಳಪ್ಪನ ತತ್ವಪದ. ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಬಸ್ಸಿನ ಹಾಡು ಇನ್ನೂ ತಲೆಯಲ್ಲಿತ್ತಲ್ಲ, ಮೊದಲ ಸಲ ಕಿವಿಗೊಟ್ಟು ಕೇಳಿದೆ. ಅರೆ, ಇದೂ ಬೈಗುಳವೇ!

ಮಡಿವಾಳಪ್ಪ 18-19ನೇ ಶತಮಾನದವನು. ಕಲಬುರಗಿಯ ಶರಣಬಸವೇಶ್ವರರ (1746-1822) ಕಾಲಕ್ಕೆ ಹತ್ತಿರದವನು. ಈ ಸೀಮೆಯಲ್ಲಿ ಹೈದರಾಬಾದಿನ ನಿಜಾಮರು, ಸುರಪುರದ ನಾಯಕರು ಆಳುತ್ತಿದ್ದ ದಿನಗಳವು. ಅವನ ಜಗಳ ಮಾತ್ರ ಅರಸರಿಗಿಂತ ಹೆಚ್ಚಾಗಿ ಜಾತಿಯ ಜೊತೆ, ಬರೀ ತೋರಿಕೆಯ ಭಕ್ತಿಯ ಜೊತೆ, ಡಾಂಭಿಕ ಗುರುಗಳ ಜೊತೆ. ಗುರು ಮಹಾಂತನ ಅಂಕಿತದಲ್ಲಿ ಹಾಡಿದ. ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪನಂಥವರು ಅವನ ಶಿಷ್ಯರಾದರು. ಒಬ್ಬ ಗುರುವಿನ ಹಿಂದೆ ಬೇರೆ ಬೇರೆ ಜಾತಿ, ಧರ್ಮದವರು ಒಟ್ಟಿಗೆ ಕೂತದ್ದು ಆ ಕಾಲಕ್ಕೆ ಪದಕ್ಕಿಂತ ದೊಡ್ಡ ಪ್ರತಿಭಟನೆ ಅಂತ ನನಗನ್ನಿಸುತ್ತೆ.

ಫೇಲಾ ಎಲ್ಲರಿಗೂ ತಿಳಿಯಲಿ ಅಂತ ಬೀದಿಯ ಪಿಜಿನ್ ಇಂಗ್ಲಿಷಿನಲ್ಲಿ ಹಾಡಿದ. ಮಡಿವಾಳಪ್ಪ ನಮ್ಮ ಕಡೆಯ ಕನ್ನಡದಲ್ಲಿ ಹಾಡಿದ. ಒಂದು ವ್ಯತ್ಯಾಸ ಇದೆ. ರೆಕಾರ್ಡ್ ಮಾಡಿದ ಹಾಡನ್ನು ಫೇಲಾ ಸಾಮಾನ್ಯವಾಗಿ ಮತ್ತೆ ವೇದಿಕೆ ಮೇಲೆ ಹಾಡುತ್ತಿರಲಿಲ್ಲ. 1997ರಲ್ಲಿ ಅವನು ಹೋದ, ರೆಕಾರ್ಡುಗಳು ಉಳಿದವು. ಮಡಿವಾಳಪ್ಪನ ಕಾಲಕ್ಕೆ ರೆಕಾರ್ಡೇ ಇಲ್ಲ. ಬಾಯಿಂದ ಬಾಯಿಗೆ ಮತ್ತೆ ಮತ್ತೆ ಹಾಡಿದ್ದಕ್ಕೇ ಅವನ ಪದ ಉಳಿದದ್ದು.

ಆದರೆ ಹಾಡಿ ಹಾಡಿ ಸವೆಯುವುದೂ ಉಂಟಾ?

ಭಜನೆ ಮುಗಿದ ಮೇಲೆ ಕೇಳಿದೆ, "ಕಾಕಾ, ಈ ಪದದಾಗ ಯಾರಿಗಿ ಬೈದಾನ್ರೀ?"

"ಮತ್ಯಾರಿಗಿ? ನಮಗೇ."

"ನಿಮಗ ಸಿಟ್ಟು ಬರಂಗಿಲ್ಲೇನು?"

ಕಾಕಾ ನಕ್ಕರು. "ಸಿಟ್ಟು ಬಂದ್ರ ತಾಳ ತಪ್ತದಲ್ಲೋ ತಮ್ಮಾ."

ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಯಾಕೆಂದರೆ ಅವತ್ತು ಒಂದು ಕೇರಿಯವರು ಕಟ್ಟೆ ಹತ್ತದೆ ಕೆಳಗೆ ರಸ್ತೆಯಲ್ಲೇ ನಿಂತು ಕೇಳಿದ್ದರು. ಮೇಲೆ ಜಾತಿಯನ್ನು ಹಳಿಯುವ ಪದ, ಯಾರ ತಾಳವೂ ತಪ್ಪಿರಲಿಲ್ಲ. ಮೇಲೆ ಬರ್ರಿ ಅಂತ ಯಾರೂ ಕರೆಯಲಿಲ್ಲ. ಪಟ್ಟಣದಲ್ಲಿ ಇಂಜಿನಿಯರಿಂಗ್ ಓದಿ ಬಂದ ನಾನೂ ಕರೆಯಲಿಲ್ಲ.

ಫೇಲಾನ ಹಾಡಿಗೆ ಸರ್ಕಾರ ಬೆಂಕಿ ಹಚ್ಚಿತು. ನಾವು ಹಾಗೆ ಮಾಡಲಿಲ್ಲ, ಮಡಿವಾಳಪ್ಪನಿಗೆ ಕೈಮುಗಿದೆವು. ಎರಡರಲ್ಲಿ ಹಾಡುಗಾರನಿಗೆ ಯಾವುದು ಹೆಚ್ಚು ನೋವು ಕೊಡುತ್ತೆ ಅಂತ ವಾಪಸ್ ಬರುವ ಬಸ್ಸಿನಲ್ಲಿ ಯೋಚಿಸ್ತಾ ಕೂತಿದ್ದೆ. ಇಷ್ಟು ವರ್ಷದ ಹಿಂದಿನ ಪದ ಮೊನ್ನೆ ನನಗೆ ಚುಚ್ಚಿತಲ್ಲ, ಅಂದರೆ ಅದು ಪೂರ್ತಿ ಸವೆದಿಲ್ಲ ಅಂತ ಸಮಾಧಾನ.

ಮುಂದಿನ ಸಲ ಹೋದಾಗ ಕೆಳಗೆ ನಿಂತವರನ್ನು ಕರೀಬೇಕು. ತಾಳ ತಪ್ಪಿದರೆ ತಪ್ಪಲಿ.